ಲೆಕ್ಕ ಕೇಳಿದವರ ಮುಂದೆ ಕಿರೀಟವೂ ಬಾಗಿತು

1629ರ ಮಾರ್ಚ್ 2. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್. ಕಾಮನ್ಸ್ ಸಭೆಯ ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿದೆ. ಹೊರಗೆ ರಾಜನ ದೂತ ಬಾಗಿಲು ಬಡಿಯುತ್ತಿದ್ದಾನೆ. ಸಭೆಯನ್ನು ಮುಂದೂಡಿ ಎಂದು ದೊರೆ ಒಂದನೇ ಚಾರ್ಲ್ಸ್‌ನ ಅಪ್ಪಣೆಯಾಗಿದೆ. ಸ್ಪೀಕರ್ ಜಾನ್ ಫಿಂಚ್ ಕುರ್ಚಿ ಬಿಟ್ಟು ಎದ್ದರೆ ಮುಗಿಯಿತು, ಸಭೆ ಬರಖಾಸ್ತಾದಂತೆ. ಫಿಂಚ್ ಏಳಲು ಹೋದ. ಮೂವತ್ತರ ಆಸುಪಾಸಿನ ಡೆನ್ಜಿಲ್ ಹೋಲ್ಸ್ ಮತ್ತು ಅವನ ಜೊತೆಗಾರ ಬೆಂಜಮಿನ್ ವ್ಯಾಲೆಂಟೈನ್ ಇಬ್ಬರೂ ಎರಡು ಕಡೆಯಿಂದ ಅವನನ್ನು ಹಿಡಿದು ಕುರ್ಚಿಗೇ ಕೂರಿಸಿದರು. ಸ್ಪೀಕರ್ ಅತ್ತ. ಗೋಗರೆದ. ಬಿಡಲಿಲ್ಲ. ಬಾಗಿಲ ಬಡಿತ ಜೋರಾಗುತ್ತಿದ್ದಂತೆ ಹೋಲ್ಸ್ ನಿರ್ಣಯಗಳನ್ನು ಬಾಯಿಪಾಠವಾಗಿಯೇ ಓದಿದ: ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಸುಂಕ ಎತ್ತಲು ಸಲಹೆ ಕೊಡುವವನು ನಾಡಿನ ವೈರಿ, ಅಂಥ ಸುಂಕವನ್ನು ತಾನಾಗಿ ಕಟ್ಟುವವನೂ ನಾಡಿನ ಸ್ವಾತಂತ್ರ್ಯಕ್ಕೆ ದ್ರೋಹ ಬಗೆದವನು.

ಗೆಳೆಯರೇ, ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಅನ್ಯಾಯವಾಗಿ ಕಿತ್ತುಕೊಳ್ಳುವವನಷ್ಟೇ ತಪ್ಪಿತಸ್ಥನೇ? ಕೇಳದೆ, ಗೊಣಗದೆ, ತಲೆ ತಗ್ಗಿಸಿ ಕೊಡುವವನದೂ ತಪ್ಪಿಲ್ಲವೇ?

ಒಬ್ಬ ರಾಜನ ಕೈಯಲ್ಲಿ ಏನೇನಿತ್ತು ಎಂಬುದನ್ನು ಯೋಚಿಸಿ. ಅರಮನೆ ಅವನದು, ಸೈನ್ಯ ಅವನದು, ನ್ಯಾಯಾಧೀಶರು ಅವನು ನೇಮಿಸಿದವರು, ಚರ್ಚು ಅವನ ಮಾತು ಮೀರದು, ಪಾರ್ಲಿಮೆಂಟನ್ನು ಕರೆಯುವವನೂ ಅವನೇ, ಬೇಡವೆನಿಸಿದರೆ ಮನೆಗೆ ಕಳುಹಿಸುವವನೂ ಅವನೇ. ತಾನು ಉತ್ತರ ಕೊಡಬೇಕಾದದ್ದು ದೇವರೊಬ್ಬನಿಗೆ ಎಂದು ನಂಬಿದ್ದ ಆ ಮನುಷ್ಯನಿಗೆ ಒಂದೇ ಒಂದು ಕೊರತೆಯಿತ್ತು. ಹಣ. ಯುದ್ಧಕ್ಕೆ ಹಣ ಬೇಕು, ಹಡಗಿಗೆ ಹಣ ಬೇಕು, ಹಣ ಇದ್ದದ್ದು ಪ್ರಜೆಗಳ ಹತ್ತಿರ. ಕೊಡುವ ಮುನ್ನ ಆ ಪ್ರಜೆಗಳು ಪ್ರಶ್ನೆ ಕೇಳುವುದನ್ನು ಕಲಿತರು. ಒಂದು ಸಿಂಹಾಸನವನ್ನು ಬಗ್ಗಿಸಿದ ಕಥೆ ಇದರಲ್ಲೇ ಇದೆ. ಕಲಿಯಲು ಹಿಡಿದ ಕಾಲ ಮಾತ್ರ ಐದು ನೂರು ವರ್ಷಕ್ಕೆ ಸ್ವಲ್ಪ ಕಡಿಮೆ.

1215ರ ಜೂನ್‌ನಲ್ಲಿ ಥೇಮ್ಸ್ ನದಿಯ ದಂಡೆಯ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಜಾನ್ ದೊರೆ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿದ. ರಾಜ್ಯದ ಸಮಾಲೋಚನೆ ಇಲ್ಲದೆ ಕೆಲವು ಬಗೆಯ ತೆರಿಗೆಗಳನ್ನು ಹಾಕಬಾರದು ಎಂಬ ಕಲಮು ಅದರಲ್ಲಿತ್ತು. ಕೆಲವೇ ವಾರಗಳಲ್ಲಿ ಪೋಪ್ ಅದನ್ನು ರದ್ದೆಂದು ಸಾರಿದ. ಶಾಲೆಯ ಪುಸ್ತಕಗಳು ಈ ಸಂಗತಿಯನ್ನು ಹೇಳುವುದು ಕಡಿಮೆ. ಮಹಾಸನದು ಎಂದು ಲೋಕವೆಲ್ಲ ಕೊಂಡಾಡುವ ಆ ಕಾಗದ ಮೊದಲ ಸಲ ಮೂರು ತಿಂಗಳೂ ಬಾಳಲಿಲ್ಲ! ಆದರೆ ಮರುವರ್ಷ ಜಾನ್ ಸತ್ತ, ಸನದು ಬದುಕಿತು. ಮತ್ತೆ ಹೊರಡಿಸಿದರು, ತಿದ್ದಿದರು, ಮತ್ತೆ ಹೊರಡಿಸಿದರು. 1265ರಲ್ಲಿ ರಾಜನ ವಿರುದ್ಧ ಎದ್ದ ಪಾಳೇಗಾರ ಸೈಮನ್ ಡಿ ಮಾಂಟ್‌ಫರ್ಟ್ ಕರೆದ ಪಾರ್ಲಿಮೆಂಟಿಗೆ ದೊಡ್ಡ ಪಾಳೇಗಾರರ ಜೊತೆ ಪಟ್ಟಣಗಳ ಪ್ರತಿನಿಧಿಗಳೂ ಬಂದರು. ಅದೇ ವರ್ಷ ಯುದ್ಧಭೂಮಿಯಲ್ಲಿ ಅವನನ್ನು ಕೊಂದರು. ಕೊಂದವರ ಕಡೆಯ ರಾಜಕುಮಾರನೇ ಮುಂದೆ ಒಂದನೇ ಎಡ್ವರ್ಡ್ ದೊರೆಯಾಗಿ, ಯುದ್ಧಕ್ಕೆ ಹಣ ಸಾಲದೆ, 1295ರಲ್ಲಿ ಅದೇ ಮಾದರಿಯ ಪಾರ್ಲಿಮೆಂಟನ್ನು ಕರೆಯಬೇಕಾಯಿತು. ಹೀಗೆ ಒಂದು ಪದ್ಧತಿ ಬೇರು ಬಿಟ್ಟಿತು: ಮೊದಲು ನಮ್ಮ ಅಹವಾಲು ಕೇಳು, ಆಮೇಲೆ ನಿನ್ನ ಹಣ ತಗೋ.

ಮೊದಲು ಅಹವಾಲು, ಆಮೇಲೆ ಹಣ. ಇಷ್ಟು ಸರಳ. ಇಷ್ಟು ಬಿರುಸು.

ಆ ಪದ್ಧತಿಯನ್ನು ಮುರಿಯಲು ಹೊರಟವನು ಚಾರ್ಲ್ಸ್. ಪಾರ್ಲಿಮೆಂಟು ಹಣ ಕೊಡದಿದ್ದಾಗ ಅವನು ಶ್ರೀಮಂತರಿಂದ ಬಲವಂತದ ಸಾಲ ಎತ್ತಿದ. ಕೊಡದವರನ್ನು ಕಾರಣವನ್ನೂ ಹೇಳದೆ ಸೆರೆಗೆ ಹಾಕಿದ. 1628ರಲ್ಲಿ ಪಾರ್ಲಿಮೆಂಟು ‘ಹಕ್ಕುಗಳ ಅರ್ಜಿ’ಯನ್ನು ಅವನ ಮುಂದಿಟ್ಟಿತು. ಅದರ ಹಿಂದಿದ್ದ ದೊಡ್ಡ ತಲೆ ಎಡ್ವರ್ಡ್ ಕೋಕ್, ಎಪ್ಪತ್ತು ದಾಟಿದ ಮುದುಕ, ಒಂದು ಕಾಲಕ್ಕೆ ಮುಖ್ಯ ನ್ಯಾಯಾಧೀಶನೂ ಆಗಿದ್ದವ. ಒಪ್ಪಿಗೆಯಿಲ್ಲದೆ ತೆರಿಗೆ ಇಲ್ಲ, ಕಾರಣವಿಲ್ಲದೆ ಸೆರೆ ಇಲ್ಲ. ಹಣದ ಆಸೆಗೆ ದೊರೆ ಒಪ್ಪಿದ. ಒಪ್ಪಿ, ಸುಂಕ ಎತ್ತುವುದನ್ನು ಮುಂದುವರಿಸಿದ. ಅದರ ಮರುವರ್ಷದ್ದೇ ಸ್ಪೀಕರನನ್ನು ಹಿಡಿದು ಕೂರಿಸಿದ ಆ ದಿನ. ಅದಾದ ಮೇಲೆ ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟೇ ಸೇರಲಿಲ್ಲ. ನಿರ್ಣಯ ಬರೆದ ಜಾನ್ ಎಲಿಯಟ್ ಕ್ಷಮೆ ಕೇಳಲೊಪ್ಪದೆ ಲಂಡನ್ ಟವರ್‌ನ ಸೆರೆಯಲ್ಲೇ 1632ರಲ್ಲಿ ಕಣ್ಣುಮುಚ್ಚಿದ.

ಹನ್ನೊಂದು ವರ್ಷ! ನೀವು ಒಂದನೇ ತರಗತಿ ಸೇರಿದ ದಿನದಿಂದ ಎರಡನೇ ಪಿಯುಸಿ ಮೆಟ್ಟಿಲು ಹತ್ತುವವರೆಗಿನ ಕಾಲ. ಅಷ್ಟು ಕಾಲ ಎಲ್ಲ ಮುಗಿದೇ ಹೋಯಿತು ಎಂದು ಎಷ್ಟು ಜನ ಕೈ ಕಟ್ಟಿ ಕೂತಿರಬೇಡ? ಆದರೂ ಒಬ್ಬ ಕೂರಲಿಲ್ಲ. ಸಮುದ್ರದ ದಂಡೆಯ ಊರುಗಳು ಯುದ್ಧಕಾಲದಲ್ಲಿ ಕಟ್ಟುತ್ತಿದ್ದ ಹಡಗು ತೆರಿಗೆಯನ್ನು ಚಾರ್ಲ್ಸ್ 1635ರಲ್ಲಿ ಒಳನಾಡಿಗೂ ಹೇರಿದ. ಬಕಿಂಗ್‌ಹ್ಯಾಮ್‌ಶೈರಿನ ಜಾನ್ ಹ್ಯಾಂಪ್ಡನ್ ಕೊಡಲಾರೆ ಎಂದ. ಕೋರ್ಟಿಗೆ ಹೋದ ಮೊತ್ತ ಎಷ್ಟು ಗೊತ್ತೇ? ಇಪ್ಪತ್ತು ಶಿಲಿಂಗ್. ಅವನ ಸಿರಿತನಕ್ಕೆ ಅದು ಜೇಬಿನ ಚಿಲ್ಲರೆ. ಬಿಸಾಕಿ ಬಂದಿದ್ದರೆ ಮನೆ ಮಠ ಸುಖವಾಗಿರುತ್ತಿತ್ತು. ಮೊತ್ತ ಚಿಕ್ಕದು, ಹೋಗಲಿ ಬಿಡು ಎನ್ನಲು ಅವನಿಗೂ ಬರುತ್ತಿತ್ತು. ಅವನು ಅನ್ನಲಿಲ್ಲ. ಹನ್ನೆರಡು ಜನ ನ್ಯಾಯಾಧೀಶರು ವಿಚಾರಣೆ ನಡೆಸಿದರು. 1638ರಲ್ಲಿ ಏಳು ಜನ ರಾಜನ ಕಡೆ, ಐದು ಜನ ಹ್ಯಾಂಪ್ಡನ್ ಕಡೆ. ಸೋತ. ಆದರೆ ಅರಮನೆ ನೇಮಿಸಿದ ಐವರು ರಾಜನ ಮುಖಕ್ಕೆ ಇದು ಸರಿಯಲ್ಲ ಎಂದರಲ್ಲ, ಆ ಸುದ್ದಿ ನಾಡಿನ ಉದ್ದಗಲಕ್ಕೆ ಹಬ್ಬಿತು. ತೆರಿಗೆ ಕಟ್ಟುವವರ ಸಂಖ್ಯೆ ಇಳಿಯುತ್ತ ಹೋಯಿತು. ಇಂಥ ಸೋಲಿಗೆ ನಾವು ಯಾಕೆ ಅಂಜಬೇಕು?

ಸ್ಕಾಟ್ಲೆಂಡಿನ ಜೊತೆ ಯುದ್ಧ ಬಂದು ಬೊಕ್ಕಸ ಬರಿದಾದಾಗ ಚಾರ್ಲ್ಸ್ 1640ರಲ್ಲಿ ಮತ್ತೆ ಪಾರ್ಲಿಮೆಂಟಿನ ಬಾಗಿಲಿಗೇ ಬರಬೇಕಾಯಿತು. ಮೊದಲು ಅಹವಾಲು ಎಂದರು ಅವರು. ಮೂರೇ ವಾರಕ್ಕೆ ಮನೆಗೆ ಕಳುಹಿಸಿದ; ನವೆಂಬರಿನಲ್ಲಿ ವಿಧಿಯಿಲ್ಲದೆ ಮತ್ತೆ ಕರೆದ. ಹಡಗು ತೆರಿಗೆ ಕಾನೂನುಬಾಹಿರವೆಂದು ಅವರು ಶಾಸನ ಮಾಡಿದರು. 1642ರ ಜನವರಿ 4ರಂದು ದೊರೆ ತಾಳ್ಮೆ ಕಳೆದುಕೊಂಡು ಶಸ್ತ್ರಧಾರಿಗಳೊಡನೆ ಕಾಮನ್ಸ್ ಸಭೆಗೇ ನುಗ್ಗಿದ. ಹ್ಯಾಂಪ್ಡನ್, ಹೋಲ್ಸ್, ಜಾನ್ ಪಿಮ್ ಸೇರಿ ಐವರನ್ನು ಹಿಡಿಯಬೇಕಿತ್ತು. ಐವರೂ ಮೊದಲೇ ಸುಳಿವು ಸಿಕ್ಕಿ ನದಿಯ ಹಾದಿ ಹಿಡಿದಿದ್ದರು. ಅವರೆಲ್ಲಿ ಎಂದು ಸ್ಪೀಕರ್ ವಿಲಿಯಂ ಲೆಂತಾಲ್‌ನನ್ನು ಕೇಳಿದ. ಲೆಂತಾಲ್ ಅಂಥ ವೀರನೆಂದು ಯಾರೂ ಹೇಳಿಲ್ಲ. ಅವತ್ತು ಅವನು ಮಂಡಿಯೂರಿಯೇ ಮಾತಾಡಿದ. ಈ ಸಭೆ ಹೇಳಿದ್ದನ್ನು ಬಿಟ್ಟರೆ ನನಗೆ ನೋಡುವ ಕಣ್ಣಿಲ್ಲ, ಆಡುವ ನಾಲಿಗೆಯಿಲ್ಲ ಎಂದ. ಹದಿಮೂರು ವರ್ಷದ ಹಿಂದಿನ ಸ್ಪೀಕರ್ ರಾಜನ ಅಪ್ಪಣೆ ಪಾಲಿಸಲು ಅತ್ತಿದ್ದ. ಈ ಸ್ಪೀಕರ್ ಮಂಡಿಯೂರಿಯೂ ಅಪ್ಪಣೆ ಮೀರಿದ್ದ. ಅವತ್ತಿನಿಂದ ಇವತ್ತಿನವರೆಗೆ ಇಂಗ್ಲೆಂಡಿನ ಯಾವ ರಾಜನೂ, ರಾಣಿಯೂ ಸಭೆ ಸೇರಿರುವಾಗ ಕಾಮನ್ಸ್ ಸಭಾಂಗಣದೊಳಗೆ ಕಾಲಿಟ್ಟಿಲ್ಲ.

ಆಮೇಲೆ ಅಂತರ್ಯುದ್ಧ. 1649ರ ಜನವರಿ 30ರಂದು ಚಾರ್ಲ್ಸ್‌ನ ತಲೆ ಉರುಳಿತು. ಈ ಭಾಗ ಓದುವಾಗ ಹರೆಯದ ನೆತ್ತರು ಕುದಿಯುವುದು ಸಹಜ. ಆದರೆ ಇಲ್ಲಿ ನನ್ನದೊಂದು ತಕರಾರಿದೆ. ಕತ್ತಿಯಿಂದ ರಾಜನನ್ನು ಕಳೆದವರು ಕತ್ತಿಯ ಕೈಗೇ ಸಿಕ್ಕರು. 1653ರಲ್ಲಿ ಪಾರ್ಲಿಮೆಂಟಿನ ಸೇನಾನಿ ಕ್ರಾಮ್‌ವೆಲ್ ಸೈನಿಕರನ್ನು ಕರೆತಂದು, ಯಾವ ಪಾರ್ಲಿಮೆಂಟಿನ ಹೆಸರಲ್ಲಿ ಯುದ್ಧ ಗೆದ್ದಿದ್ದನೋ ಅದೇ ಪಾರ್ಲಿಮೆಂಟನ್ನು ಹೊರಗಟ್ಟಿದ. 1660ರಲ್ಲಿ ಸತ್ತ ರಾಜನ ಮಗನನ್ನೇ ಮೆರವಣಿಗೆಯಲ್ಲಿ ಕರೆತಂದು ಪಟ್ಟಕ್ಕೆ ಕೂರಿಸಿದರು. ಒಂದು ತಲೆ ಉರುಳಿಸಿ ಅವರು ಗಳಿಸಿದ್ದು ಬಹಳ ಕಡಿಮೆ.

ನಿಜವಾದ ಗೆಲುವು ಬಂದದ್ದು ಒಬ್ಬ ಗುಮಾಸ್ತನ ಕೆಲಸದಂತೆ ಕಾಣುವ ಏರ್ಪಾಡಿನಿಂದ. ಮುಂದೆ ದೊರೆಯಾದ ಎರಡನೇ ಜೇಮ್ಸ್ ಶಾಸನಗಳನ್ನು ತನ್ನಿಷ್ಟಕ್ಕೆ ತಡೆಹಿಡಿಯಲು ಹೋಗಿ, 1688ರ ಕೊನೆಯಲ್ಲಿ ಫ್ರಾನ್ಸಿಗೆ ಓಡಿಹೋದ. ಅಳಿಯ ವಿಲಿಯಂ ಮತ್ತು ಮಗಳು ಮೇರಿಗೆ ಕಿರೀಟ ಕೊಡುವಾಗ ಪಾರ್ಲಿಮೆಂಟು 1689ರಲ್ಲಿ ಹಕ್ಕುಗಳ ಪಟ್ಟಿಯನ್ನು ಮುಂದಿಟ್ಟಿತು. ಪಾರ್ಲಿಮೆಂಟಿಲ್ಲದೆ ಶಾಸನ ತಡೆಯುವಂತಿಲ್ಲ. ಪಾರ್ಲಿಮೆಂಟಿಲ್ಲದೆ ತೆರಿಗೆ ಎತ್ತುವಂತಿಲ್ಲ. ಪಾರ್ಲಿಮೆಂಟಿಲ್ಲದೆ ಶಾಂತಿಕಾಲದಲ್ಲಿ ಸೈನ್ಯ ಇಡುವಂತಿಲ್ಲ. ಸಭೆಯಲ್ಲಿ ಆಡಿದ ಮಾತನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ. ಇದು ಬರೀ ಕಾಗದ ಎನ್ನುತ್ತೀರಾ? ಜಾನ್ ದೊರೆಯ ಕಾಗದವನ್ನು ನೋಡಿದ್ದೇವಲ್ಲ ಎನ್ನುತ್ತೀರಾ? ಅವರಿಗೂ ಅದೇ ಅನುಮಾನ ಇತ್ತು. ಹಾಗಾಗಿ ಜೊತೆಗೊಂದು ಉಪಾಯ ಮಾಡಿದರು. ಸೈನ್ಯದ ಶಿಸ್ತಿಗೆ ಬೇಕಾದ ಕಾನೂನನ್ನು ಬರೀ ಅಲ್ಪ ಅವಧಿಗೆ ಮಾಡಿದರು. ಅವಧಿ ಮುಗಿದರೆ ಮತ್ತೆ ಸಭೆಯ ಮುಂದೆ ಬರಬೇಕು. ಸುಂಕದ ಆದಾಯವನ್ನು ಹಿಂದಿನಂತೆ ರಾಜನ ಆಯಸ್ಸಿನುದ್ದಕ್ಕೂ ಬರೆದುಕೊಡಲಿಲ್ಲ. ನಾಲ್ಕೇ ವರ್ಷಕ್ಕೆ ಕೊಟ್ಟರು. ಹಣ ಮುಗಿಯಿತೇ? ಸಭೆ ಕರೆ. ಕಾನೂನು ಮುಗಿಯಿತೇ? ಸಭೆ ಕರೆ. 1689ರಿಂದೀಚೆಗೆ ಇಂಗ್ಲೆಂಡಿನ ಪಾರ್ಲಿಮೆಂಟು ಸೇರದ ಒಂದು ವರ್ಷವೂ ಇಲ್ಲ. ಎರಡೂ ಸದನಗಳು ಒಪ್ಪಿದ ಮಸೂದೆಗೆ ಅರಸರೊಬ್ಬರು ಸಹಿ ನಿರಾಕರಿಸಿದ್ದು 1708ರಲ್ಲಿ, ಆ್ಯನ್ ರಾಣಿ. ಅದೇ ಕೊನೆ.

ಆ ಪಾರ್ಲಿಮೆಂಟು ದೇವಸಭೆಯಾಗಿರಲಿಲ್ಲ. ಅಲ್ಲಿ ಕೂತವರು ಜಮೀನ್ದಾರರು, ವ್ಯಾಪಾರಿಗಳು. ತಮ್ಮ ಗಂಟು ಕಾಯಲು ಬಂದವರೇ ಹೆಚ್ಚು. ಅಲ್ಲಿನ ಹೆಂಗಸರಿಗೆ ಗಂಡಸರ ಸರಿಸಮವಾಗಿ ಮತ ಸಿಕ್ಕಿದ್ದು 1928ರಲ್ಲಿ. ಒಪ್ಪಿಗೆಯಿಲ್ಲದೆ ತೆರಿಗೆ ಇಲ್ಲ ಎಂದು ತಮ್ಮ ರಾಜನಿಗೆ ಪಾಠ ಹೇಳಿದ ಅದೇ ಸಭೆ, ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ಉಪ್ಪಿಗೆ ತೆರಿಗೆ ಹಾಕಿದ ಸರ್ಕಾರದ ಬೆನ್ನಿಗೆ ನಿಂತಿತ್ತು! ಆಗ ಅವರ ಪಾಠವನ್ನು ಅವರಿಗೇ ತಿರುಗಿ ಒಪ್ಪಿಸಿದವರು ಯಾರು? ನಿಮ್ಮ ವಯಸ್ಸಿನವರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಯವರೆಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವನಿಗೆ ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಉಪ್ಪು ಎತ್ತಿದರು. ಅಂಕೋಲೆ, ಸಿದ್ದಾಪುರಗಳ ರೈತರು ಕಂದಾಯ ಕಟ್ಟಲೊಪ್ಪದೆ ಹೊಲ ಮನೆ ಕಳೆದುಕೊಂಡರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ನುಗ್ಗಿದ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಗುಂಡಿಗೆ ಎದೆಯೊಡ್ಡಿದರು. ಹ್ಯಾಂಪ್ಡನ್‌ನ ಇಪ್ಪತ್ತು ಶಿಲಿಂಗಿನ ದಾರಿ ಹೊಸರಿತ್ತಿಯ ಅಂಗಳದಲ್ಲೂ ಹಾದುಹೋಗಿದೆ.

ಹಳೆ ಮೈಸೂರಿನಲ್ಲಿ ಹಾದಿ ಬೇರೆ. ಅಲ್ಲಿ ಸಭೆಯನ್ನು ಅರಮನೆಯೇ ಕರೆಯಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಬಂದವರು 144 ಜನ. ಕೆರೆ, ರಸ್ತೆ, ಕಂದಾಯ ಎಂದು ಊರಿನ ಅಹವಾಲು ಹೇಳಬಹುದಿತ್ತು, ದಿವಾನರು ಕೇಳುತ್ತಿದ್ದರು. ಕೇಳಲೇಬೇಕೆಂಬ ಕಟ್ಟು ಇರಲಿಲ್ಲ. ಬಜೆಟ್ಟಿನ ಮೇಲೆ ಹಿಡಿತವೂ ಇರಲಿಲ್ಲ. 1923ರ ಸುಧಾರಣೆಗಳು ಸಭೆಗೆ ಕಾನೂನಿನ ನೆಲೆ ಕೊಟ್ಟವು, ಹೊಸ ತೆರಿಗೆಗೆ ಮುನ್ನ ಅದರ ಅಭಿಪ್ರಾಯ ಕೇಳಬೇಕೆಂದವು. ಅಷ್ಟಕ್ಕೇ ನಿಂತವು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರದಿದ್ದಾಗ, 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎದ್ದಿತು. ತರಗತಿ ಬಿಟ್ಟು ಬೀದಿಗೆ ಬಂದವರಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಸಿಗ್ನಲ್ಲಿಗೆ ಕಾಯುವವರಲ್ಲಿ ಎಷ್ಟು ಜನಕ್ಕೆ ಅವನ ವಯಸ್ಸು ತಮ್ಮದೇ ಎಂಬುದು ಗೊತ್ತಿದೆ? ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜನಪ್ರತಿನಿಧಿ ಮಂತ್ರಿಮಂಡಲ ಬಂತು.

ಇವೆಲ್ಲ ಹಾದಿಗಳೂ ಬಂದು ಸೇರುವ ಒಂದು ಸಾಲು ನಮ್ಮ ಸಂವಿಧಾನದಲ್ಲಿದೆ. 265ನೇ ವಿಧಿ: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ. ಓದಲು ಕೆಲವು ಸೆಕೆಂಡು ಸಾಕು. ಬರೆಸಿಕೊಳ್ಳಲು ತಲೆಮಾರುಗಳು ಸೆರೆಮನೆ ಕಂಡಿವೆ. ಮತ ಹಾಕುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ ದೇಶ ನಿಮ್ಮನ್ನು ಕರೆದಾಗ ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿರಲೇ ಇಲ್ಲ. ಹುಟ್ಟುವ ಮೊದಲೇ ನಿಮಗಾಗಿ ಕುರ್ಚಿ ಹಾಕಿ ಕಾದ ನಾಡು ಇದು.

ನಾನಿನ್ನೂ ತೆರಿಗೆ ಕಟ್ಟುವವನಲ್ಲ, ಓದುತ್ತಿದ್ದೇನೆ ಎನ್ನುತ್ತೀಯಾ ತಮ್ಮಾ? ನಿನ್ನ ಫೋನಿಗೆ 299 ರೂಪಾಯಿಯ ರೀಚಾರ್ಜ್ ಹಾಕಿಸಿದ್ದೀಯಲ್ಲ, ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ. ಕೆಲಸ ಸಿಕ್ಕ ಮೇಲೆ ಕೇಳುತ್ತೇನೆ ಎನ್ನುತ್ತೀಯಾ ತಂಗೀ? ನಿನ್ನ ಗಾಡಿಯ ಪೆಟ್ರೋಲಿನಲ್ಲಿ, ನಿಮ್ಮಪ್ಪ ಕಟ್ಟುವ ಮನೆಗಂದಾಯದಲ್ಲಿ ನಿನ್ನ ಪಾಲು ಆಗಲೇ ಹೋಗಿದೆ. ನಾವೆಲ್ಲ ಕೊಡುತ್ತಿದ್ದೇವೆ. ಬೆಳಗಿನಿಂದ ರಾತ್ರಿಯವರೆಗೆ ಕೊಡುತ್ತಿದ್ದೇವೆ. ಕೇಳುತ್ತಿದ್ದೇವೆಯೇ? ಮೊದಲು ಅಹವಾಲು, ಆಮೇಲೆ ಹಣ ಎಂಬ ಮಾತಿಗೆ ಜೀವ ತೆತ್ತವರ ವಾರಸುದಾರರು ನಾವು, ಹಣವನ್ನೂ ಕೊಟ್ಟು ಅಹವಾಲನ್ನೂ ಮರೆತು ರೀಲ್ಸ್ ನೋಡುತ್ತ ಕೂತರೆ, ಚಾರ್ಲ್ಸ್‌ನಂಥ ದೊರೆಗೆ ಇದಕ್ಕಿಂತ ಒಳ್ಳೆಯ ಪ್ರಜೆಗಳು ಎಲ್ಲಿ ಸಿಗುತ್ತಿದ್ದರು?

ಅಧಿಕಾರ ದೂರದ ದೆಹಲಿಯಲ್ಲಿದೆ, ಬೆಂಗಳೂರಿನಲ್ಲಿದೆ ಎಂದು ನಿಟ್ಟುಸಿರು ಬಿಡಬೇಡಿ. ನಿಮ್ಮ ಊರಿನ ಗ್ರಾಮಸಭೆ ಇದೆಯಲ್ಲ, ಅದರ ಸದಸ್ಯರಾಗಲು ಚುನಾವಣೆಗೆ ನಿಲ್ಲಬೇಕಾಗಿಲ್ಲ; ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಸದಸ್ಯರೇ. ನಿಮ್ಮನ್ನು ಅಲ್ಲಿಂದ ಯಾರೂ ವಜಾ ಮಾಡುವಂತಿಲ್ಲ. ಆದರೆ ಆ ಸಭೆಗಳು ಹೇಗೆ ನಡೆಯುತ್ತವೆ? ಎಷ್ಟೋ ಕಡೆ ಶಾಮಿಯಾನ ಇರುತ್ತದೆ, ಮೈಕ್ ಇರುತ್ತದೆ, ಕಾಫಿ ಬಿಸ್ಕತ್ತು ಇರುತ್ತದೆ, ಪಿಡಿಒ ವರದಿ ಓದುತ್ತಿರುತ್ತಾರೆ. ಮುಂದಿನ ಸಾಲಿನಲ್ಲಿ ಮನೆ ಮಂಜೂರಾತಿಗೆ ಬಂದ ಕೆಲವು ಅಜ್ಜಂದಿರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೊರಟ ಸ್ವಸಹಾಯ ಸಂಘದ ಅಕ್ಕಂದಿರು. ಕ್ರಿಯಾಯೋಜನೆ ಕೈಯೆತ್ತಿ ಪಾಸು. ಇಪ್ಪತ್ತು ವರ್ಷದವರು ಎಲ್ಲಿ? ಇಂಗ್ಲಿಷ್ ಬಲ್ಲವರು, ಎಕ್ಸೆಲ್ ಬಲ್ಲವರು, ಆನ್‌ಲೈನಿನಲ್ಲಿ ಒಂದು ರೂಪಾಯಿ ಹೆಚ್ಚು ಹಿಡಿದರೆ ಕಸ್ಟಮರ್ ಕೇರ್‌ನವರ ಜೊತೆ ಗಂಟೆಗಟ್ಟಲೆ ವಾದಿಸಬಲ್ಲವರು ಎಲ್ಲಿ? ನಿಮ್ಮೊಳಗೆ ಎಷ್ಟು ಕಸುವಿದೆ ಎಂಬುದು ನಿಮಗೇ ತಿಳಿದಿಲ್ಲ. ಲೆಕ್ಕದ ಪುಸ್ತಕವನ್ನು ಓದಲು ಬಾರದ ಮುದುಕರು ತೆರಿಗೆ ನಿರಾಕರಿಸಿ ಜೈಲಿಗೆ ಹೋದ ನೆಲದಲ್ಲಿ, ಲೆಕ್ಕಶಾಸ್ತ್ರದ ಪದವಿ ಹಿಡಿದ ನಾವು ಪಂಚಾಯಿತಿಯ ಒಂದು ವೋಚರು ಕೇಳಲು ಹೆದರಬೇಕೇ?

ಏಳಿ. ಸ್ಪೀಕರನ ಕುರ್ಚಿ ಹಿಡಿಯಬೇಕಾಗಿಲ್ಲ, ಸೆರೆಗೆ ಹೋಗಬೇಕಾಗಿಲ್ಲ. ಬಾಗಿಲು ತೆರೆದೇ ಇದೆ. ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷ ಬಂದ ಹಣವೆಷ್ಟು, ಆದ ಕೆಲಸವೇನು ಎಂಬ ಲೆಕ್ಕವನ್ನು ಊರವರ ಎದುರು ಇಡುವ ದಿನ ಅದು. ನಿಮ್ಮೂರಲ್ಲಿ ಅದು ಯಾವತ್ತು ಎಂದು ನಾಳೆಯೇ ಕಚೇರಿಗೆ ಹೋಗಿ ಕೇಳಿ. ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಹೋಗಿ, ಗೆಳತಿಯರನ್ನು ಬಿಟ್ಟು ಹೋಗಬೇಡಿ. ನಿಮ್ಮ ಓಣಿಯ ಚರಂಡಿ, ಶಾಲೆಯ ಕಾಂಪೌಂಡ್, ಕೆರೆಯ ಏರಿ, ಯಾವುದಾದರೂ ಒಂದೇ ಕಾಮಗಾರಿ ಆರಿಸಿಕೊಳ್ಳಿ. ಅದರ ಬಿಲ್ಲು ಮತ್ತು ಅಳತೆ ಪುಸ್ತಕ ತೋರಿಸಿ ಎನ್ನಿ. ಟೇಪು ಹಿಡಿದು ಎಲ್ಲರೂ ಸ್ಥಳಕ್ಕೆ ಹೋಗಿ ಅಳೆಯಿರಿ. ವ್ಯತ್ಯಾಸ ಕಂಡರೆ ಕೂಗಾಡಬೇಡಿ, ವಿಡಿಯೊ ಮಾಡಿ ಲೈಕು ಎಣಿಸಬೇಡಿ. ನಡಾವಳಿಯಲ್ಲಿ ಬರೆಯಿರಿ ಎನ್ನಿ. ಬರೆಯುವವರೆಗೆ ಕದಲಬೇಡಿ. ಬರೆದ ಮೇಲೆ ಓದಿಸಿ ಕೇಳಿ, ನಡಾವಳಿಯ ಪ್ರತಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಎದ್ದುಬನ್ನಿ.